ಬೇರೆ ಗೇಟಿಗೆ ಹೋದವರು

“ಗಂಡನ ಬೂದಿ ಮೈದುನನ ಕೈಗೆ ಕೊಟ್ಟು ತಾನು ಬೇರೆ ಗೇಟಿಗೆ ಹೋದವರು ಇವರೇ ಅಲ್ವಾ?”

ರೇಗನ್ಸ್‌ಬರ್ಗಿನ ಸ್ಮಶಾನದ ಎದುರಿನ ಕಾಫಿ ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿದಾಕೆಯ ಬಾಯಲ್ಲಿ ಇನ್ನೂ ಕೇಕು ಇತ್ತು. ಅಂತ್ಯಕ್ರಿಯೆ ಮುಗಿಸಿ ಬಂದವರಿಗೆ ಕಾಫಿ, ಕೇಕು ಕೊಡುವುದು ಜರ್ಮನಿಯ ಪದ್ಧತಿ. ಬಂದಿದ್ದವರು ಒಂದು ಮೇಜಿನ ಸುತ್ತ ಹಿಡಿಸುವಷ್ಟು ಜನ. ಸತ್ತವರು ಕೆಲಸ ಮಾಡುತ್ತಿದ್ದ ಮ್ಯೂಸಿಯಮ್ಮಿನ ಕೆಲವರು, ಅವರ ಕೆಳಗಿನ ಮನೆಯ ಮುದುಕ, ನಾನು, ಮತ್ತೆ ಊರಿನ ಕನ್ನಡಿಗರ ಪರವಾಗಿ ಬಂದಿದ್ದ ಇಬ್ಬರು ಹೆಂಗಸರು. ಕೇಳಿದಾಕೆ ನನಗಿಂತ ತುಂಬ ಚಿಕ್ಕವಳು. ಆ ಗೇಟಿನ ಘಟನೆ ನಡೆದಾಗ ಧಾರವಾಡದಲ್ಲೋ ದಾವಣಗೆರೆಯಲ್ಲೋ ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಿರಬೇಕು. ಆದರೂ ಕಥೆ ಬಾಯಿಪಾಠ. ಫ್ರಾಂಕ್‌ಫರ್ಟಿನ ಪಕ್ಕದ ಎಷ್‌ಬಾರ್ನಿನಲ್ಲಿ ಹುಟ್ಟಿದ ಮಾತು ನಾನಿರುವ ಬರ್ಲಿನ್ನಿಗೂ ಬಂದಿತ್ತು, ಇಲ್ಲಿಗೂ ಬಂದಿದೆ. ಜನ ಮನೆ ಬದಲಾಯಿಸುವಾಗ ಪಾತ್ರೆಪಗಡದ ಜೊತೆ ಇಂಥದ್ದನ್ನೂ ಕಟ್ಟಿಕೊಂಡು ಹೋಗುತ್ತಾರೆ.

“ಹೌದು, ಅವರೇ,” ಎಂದೆ. ಸುಳ್ಳಲ್ಲವಲ್ಲ. ಅವರು ಬೇರೆ ಗೇಟಿಗೆ ಹೋದದ್ದು ನಿಜ. ಆ ಗೇಟಿನಿಂದ ಹೊರಟ ವಿಮಾನ ಅವರನ್ನು ಎಲ್ಲಿಗೆ ತಂದಿತೋ ಅಲ್ಲಿ ನಾನಿದ್ದೆ. ಅಲ್ಲಿ ಆದದ್ದನ್ನು ಕನ್ನಡದಲ್ಲಿ ಹೇಳುವುದಕ್ಕೆ ನಾನಲ್ಲದೆ ಬೇರೆ ಯಾರೂ ಇಲ್ಲ. ಆಕೆಗೆ ಹೇಳಲಿಲ್ಲ. ಸಿಟ್ಟು ಬಂದಿತ್ತು, ಸಿಟ್ಟು ಬಂದಾಗ ನನ್ನ ಬಾಯಿ ಒಳ್ಳೆಯದಲ್ಲ. ಮನೆಗೆ ಬಂದು ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ನಾನು ಕರೆಯುತ್ತಿದ್ದುದು ಅಕ್ಕ ಎಂದು, ಇಲ್ಲೂ ಹಾಗೆಯೇ ಇರಲಿ.

ಅದು ಗ್ರೀನ್ ಕಾರ್ಡಿನ ಕಾಲ. ಕಂಪ್ಯೂಟರ್ ಬಲ್ಲವರು ಬೇಕು ಅಂತ ಜರ್ಮನಿ ಬಾಗಿಲು ತೆರೆದಿತ್ತು. ಬೆಂಗಳೂರು, ಮೈಸೂರಿನ ಹುಡುಗರು ಹೊಸ ಕೋಟು ಹಾಕಿಕೊಂಡು ಬಂದು ಫ್ರಾಂಕ್‌ಫರ್ಟಿನಲ್ಲಿ ಇಳಿಯುತ್ತಿದ್ದರು. ಯುಗಾದಿ ಕೂಟದಲ್ಲಿ ಯಾರನ್ನು ಕೇಳಿದರೂ ಸಾಫ್ಟ್‌ವೇರು. ಅವರ ನಡುವೆ ಪುರಾತತ್ವ ಓದುತ್ತಿದ್ದವರು ನಾವಿಬ್ಬರೇ. “ಅದ್ರಲ್ಲಿ ಸ್ಕೋಪ್ ಇದ್ಯಾ?” ಎಂದು ಕೇಳದವರಿಲ್ಲ. ನಾನು ಉಡುಪಿ ಕಡೆಯ ಕ್ರಿಶ್ಚಿಯನ್ ಹುಡುಗಿ, ಆಗಷ್ಟೇ ಡಿಗ್ರಿ ಮುಗಿಸಿ ಬಂದವಳು, ಹಾಸ್ಟೆಲಿನಲ್ಲಿದ್ದೆ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವರು, ಮೈಸೂರಿನವರು, ಅಲ್ಲೇ ಇತಿಹಾಸದಲ್ಲಿ ಎಂ.ಎ. ಮಾಡಿದ್ದರು. ಗಂಡನಿಗೆ ಎಷ್‌ಬಾರ್ನಿನ ಒಂದು ಕಂಪನಿಯಲ್ಲಿ ಕೆಲಸ. ಗ್ರೀನ್ ಕಾರ್ಡಿನವರ ಹೆಂಡತಿಯರು ಬಂದ ಕೂಡಲೇ ಕೆಲಸ ಮಾಡುವಂತಿರಲಿಲ್ಲ. ಒಂದಿಡೀ ಚಳಿಗಾಲ ಅಕ್ಕ ಫ್ಲಾಟಿನ ಕಿಟಕಿಯಿಂದ ಕಾರ್ ಪಾರ್ಕಿಂಗ್ ನೋಡುತ್ತ ಕೂತಿದ್ದರಂತೆ. ಯಾವ ಕಾರು ಎಷ್ಟು ಹೊತ್ತಿಗೆ ಬರುತ್ತದೆ, ಯಾರದು, ಯಾವುದರ ವೈಪರ್ ಕೆಟ್ಟಿದೆ, ಎಲ್ಲ ಗೊತ್ತಿತ್ತಂತೆ. ಹುಚ್ಚು ಹಿಡಿಯುವ ಮೊದಲು ಹೋಗಿ ಯೂನಿವರ್ಸಿಟಿ ಸೇರಿದರು.

ಅವರಿಗೆ ಪುರಾತತ್ವದ ಮೇಲೆ ಒಲವು ಇತ್ತು ಎಂದು ಯಾರೂ ತಿಳಿಯಬಾರದು.

“ಪ್ರೀತಿ ಗೀತಿ ಏನಿಲ್ಲ ಕಣೇ ನಂಗೆ ಈ ಮಡಕೆ ಚೂರುಗಳ ಮೇಲೆ,” ಎನ್ನುತ್ತಿದ್ದರು. “ನನ್ ಎಂ.ಎ. ನೋಡಿ ಅಡ್ಮಿಷನ್ ಕೊಟ್ಟೋರು ಇವರೊಬ್ಬರೇ. ಹೊಲಿಗೆ ಕ್ಲಾಸಿನೋರು ಕೊಟ್ಟಿದ್ರೆ ಅಲ್ಲಿಗೇ ಹೋಗ್ತಿದ್ದೆ.”

ಅವರ ಜರ್ಮನ್ ಕೇಳುವುದೇ ಒಂದು ಮಜಾ. ವ್ಯಾಕರಣಕ್ಕೆ ಹೆದರುತ್ತಿರಲಿಲ್ಲ. ಪ್ರತಿ ವಾಕ್ಯದ ಕೊನೆಗೆ ಅಚ್ಚ ಮೈಸೂರಿನ “ಅಲ್ವಾ?” ಸೇರಿಸುತ್ತಿದ್ದರು. ಕೆಲವು ಜರ್ಮನ್ ಹುಡುಗರೂ ಕಾಲಕ್ರಮೇಣ ಅವರ ಹತ್ತಿರ ಮಾತಾಡುವಾಗ “ಅಲ್ವಾ” ಅನ್ನತೊಡಗಿದರು. ಯಾರಾದರೂ ಅವರ ಮುಂದೆ ಗೋಳಾಡಿದರೆ ಪೂರ್ತಿ ಕೇಳಿ, ಬ್ಯಾಗಿನಿಂದ ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಂಡು, “ಸರಿ, ಈಗೇನ್ಮಾಡೋಣ?” ಎನ್ನುತ್ತಿದ್ದರು. ಸಮಾಧಾನದ ಮಾತು ಅವರ ಹತ್ತಿರ ಇರಲಿಲ್ಲ. ನನಗೆ ಎಷ್ಟೋ ಸಲ ಅದು ಒರಟು ಅನಿಸಿದೆ, ಎಷ್ಟೋ ಸಲ ಅದರಿಂದಲೇ ಜೀವ ಉಳಿದಿದೆ.

ಬೇಸಿಗೆಯಲ್ಲಿ ಆರು ವಾರ ಜೋರ್ಡಾನಿನ ಮರುಭೂಮಿಯಲ್ಲಿ ಉತ್ಖನನ ಶಿಬಿರ ಇತ್ತು. ಅದನ್ನು ಮುಗಿಸಿದವರಿಗೆ ಒಂದು ಶೈನ್, ಅಂದರೆ ಸಹಿ ಹಾಕಿದ ಚೀಟಿ ಸಿಗುತ್ತಿತ್ತು. ಅದಿಲ್ಲದೆ ಓದು ಮುಂದಕ್ಕಿಲ್ಲ. ಬೇಸಿಗೆಯಲ್ಲಿ ಮರುಭೂಮಿಗೆ ಬುದ್ಧಿ ಇದ್ದವರು ಹೋಗುತ್ತಾರಾ ಎಂದು ಕೇಳಿದರೆ, ಯೂನಿವರ್ಸಿಟಿಗೆ ರಜೆ ಇರುವುದೇ ಆಗ. ಏರ್‌ಪೋರ್ಟಿಗೆ ನಮ್ಮಿಬ್ಬರನ್ನೂ ಬಿಡಲು ಅಕ್ಕನ ಗಂಡನೇ ಬಂದಿದ್ದರು. ನಾನು ಭಾವ ಅನ್ನುತ್ತಿದ್ದೆ. ತೆಳ್ಳಗೆ, ಮೆತ್ತಗೆ ಮಾತಾಡುವ ಮನುಷ್ಯ. ಅಕ್ಕನ ಪೆಟ್ಟಿಗೆಯನ್ನು ತಾವೇ ಕಟ್ಟಿದ್ದರು. ಮೆಂತ್ಯದ ಹಿಟ್ಟು, ಚಟ್ನಿಪುಡಿ, ವಾಂತಿಭೇದಿಗೆ ಕುಡಿಯುವ ಪುಡಿ, ಟಾರ್ಚು, ಒಂದು ಸ್ಟೀಲ್ ಚೊಂಬು. “ಇವಳಿಗೆ ಚೊಂಬಿಲ್ದೆ ಸ್ನಾನ ಮಾಡಿದ ಹಾಗಾಗಲ್ಲ,” ಎಂದು ನನಗೆ ವಿವರಿಸಿದ್ದರು. ಮುಖ ಮಾತ್ರ ನಿದ್ದೆಗೆಟ್ಟವರ ಹಾಗಿತ್ತು. ಆ ದಿನಗಳಲ್ಲಿ ಎಷ್‌ಬಾರ್ನಿನ ಆಫೀಸುಗಳಿಂದ ಜನರನ್ನು ತೆಗೆಯಲು ಶುರುಮಾಡಿದ್ದರು.

ಮರುಭೂಮಿ ಎಂದರೆ ಸಿನಿಮಾದಲ್ಲಿ ತೋರಿಸುವ ಹಾಗೆ ಮರಳಿನ ದಿಣ್ಣೆಗಳಲ್ಲ. ಕಲ್ಲು, ಧೂಳು, ಮತ್ತೆ ಕಲ್ಲು. ಸೂರ್ಯ ಹುಟ್ಟುವ ಮೊದಲೇ ಕೆಲಸ ಶುರು, ಏಕೆಂದರೆ ಹನ್ನೊಂದರ ಹೊತ್ತಿಗೆ ಕರಣೆಯ ಕಬ್ಬಿಣ ಮುಟ್ಟಿದರೆ ಸುಡುತ್ತಿತ್ತು. ಗುಂಡಿಯಲ್ಲಿ ಮಂಡಿಯೂರಿ ಕೆರೆಯುವುದು, ಕೆರೆದ ಮಣ್ಣನ್ನು ಬಕೆಟಿನಲ್ಲಿ ಹೊರುವುದು, ಜರಡಿ ಹಿಡಿಯುವುದು. ಮಧ್ಯಾಹ್ನ ಟಾರ್ಪಾಲಿನ ಕೆಳಗೆ ಕೂತು ಮಡಕೆ ಚೂರು ತೊಳೆಯುವುದು. ಹಲ್ಲಿನ ಸಂದಿಯಲ್ಲಿ ಮಣ್ಣು, ಕಿವಿಯಲ್ಲಿ ಮಣ್ಣು, ರೊಟ್ಟಿಯಲ್ಲಿ ಮಣ್ಣು. ಮೊದಲ ವಾರವೇ ಅರ್ಧ ಶಿಬಿರಕ್ಕೆ ಭೇದಿ. ಹೊಟ್ಟೆ ಹಿಡಿದುಕೊಂಡು ಡೇರೆಯಲ್ಲಿ ಬಿದ್ದಿದ್ದ ನನಗೆ ಅಕ್ಕ ಚಟ್ನಿಪುಡಿ ಹಚ್ಚಿದ ರೊಟ್ಟಿ ತಂದುಕೊಟ್ಟು, “ಮಣ್ಣು ಸಿಕ್ಕತ್ತೆ, ಅದೂ ಒಂದು ಪಲ್ಯ ಅನ್ಕೊಂಡು ತಿನ್ನು,” ಎಂದಿದ್ದರು.

ಡೇರೆಯಲ್ಲಿ ನಾವು ಮೂವರು. ಮೂರನೆಯವಳು ಊಟೆ ಎಂಬ ಜರ್ಮನ್ ಹುಡುಗಿ. ಅಕ್ಕನ ಬಾಯಲ್ಲಿ ಅವಳು ಮೊದಲ ದಿನವೇ ಊಟಮ್ಮ ಆದಳು. ಒಬ್ಬೊಬ್ಬರಿಗೆ ದಿನಕ್ಕೊಂದು ಬಕೆಟ್ ನೀರು. ಮೈಗೂ ಬಟ್ಟೆಗೂ ಅದೇ. ಅಕ್ಕ ಎರಡು ಚೊಂಬಿನಲ್ಲಿ ಸ್ನಾನ ಮುಗಿಸಿ ಉಳಿದ ನೀರಿನಲ್ಲಿ ಬಟ್ಟೆ ಒಗೆದು, ಆ ನೀರನ್ನೇ ಡೇರೆಯ ಮುಂದೆ ಚಿಮುಕಿಸುತ್ತಿದ್ದರು. ನಾನು ನೀರು ಚೆಲ್ಲುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. “ನೀವು ಉಡುಪಿ ಕಡೆಯೋರು, ಬಾವಿಕಟ್ಟೆ ಮೇಲೆ ನಿಂತು ಕೊಡಗಟ್ಟಲೆ ಸುರ್ಕೊಂಡು ಬೆಳೆದೋರು,” ಎಂದು ಬಯ್ಯುತ್ತಿದ್ದರು.

ಶಿಬಿರದ ಮುಖ್ಯಸ್ಥೆ ನಮ್ಮ ಪ್ರೊಫೆಸರಮ್ಮ. ಐವತ್ತು ದಾಟಿದ, ಬಿಸಿಲಿಗೆ ಸುಟ್ಟ ಮುಖದ, ಎಲ್ಲದಕ್ಕೂ ನಿಯಮ ಇಟ್ಟುಕೊಂಡಿದ್ದ ಹೆಂಗಸು. ಗುಂಡಿಗಿಳಿಯುವವರು ಕೈಗೆ, ಕತ್ತಿಗೆ ಏನೂ ಹಾಕಿಕೊಳ್ಳುವಂತಿಲ್ಲ. ಅಕ್ಕ ಸೋಪು ಹಚ್ಚಿ ಬಳೆ ತೆಗೆದು ಕಾಲುಚೀಲದಲ್ಲಿ ಸುತ್ತಿಟ್ಟರು. ತಾಳಿಯನ್ನು ಮಾತ್ರ ಅಂಗಿಯ ಒಳಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡರು. ಅವರ ಕೆಲಸ ಅಂಥ ಚೆನ್ನಾಗಿಯೇನೂ ಇರಲಿಲ್ಲ. ಗುಂಡಿಯ ಗೋಡೆಯ ಪದರಗಳನ್ನು ಅವರು ಬರೆದ ಚಿತ್ರ ನೋಡಿ ಪ್ರೊಫೆಸರಮ್ಮ ಮೂರು ಸಲ ತಿರುಗಿ ಬರೆಸಿದ್ದರು. ಮೂರನೆಯ ಸಲ ಅಕ್ಕ, “ಗೋಡೆನೇ ಸೊಟ್ಟಗಿದೆ, ಅಲ್ವಾ?” ಎಂದು ಜರ್ಮನ್‌ನಲ್ಲಿ ವಾದಕ್ಕಿಳಿದರು. ಪ್ರೊಫೆಸರಮ್ಮ ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು.

ಮೂರನೆಯ ವಾರ ನಮ್ಮ ಗುಂಡಿಯಲ್ಲಿ ಒಂದು ಸಮಾಧಿ ಸಿಕ್ಕಿತು. ಗೋಡೆಯ ಬುಡದಲ್ಲಿ ಮಂಡಿ ಮಡಚಿ ಮಗ್ಗುಲಾಗಿ ಮಲಗಿದ್ದ ಒಬ್ಬ ಮನುಷ್ಯ. ತಿಂಡಿಯ ಗಂಟೆ ಹೊಡೆಯುವ ಹೊತ್ತಿಗೆ ತಲೆ, ಭುಜ, ಪಕ್ಕೆಲುಬು ಕಾಣುವಷ್ಟು ಬಿಡಿಸಿದ್ದೆವು. ಎಲ್ಲರೂ ಎದ್ದು ಹೋದರು, ಅಕ್ಕ ಮಾತ್ರ ಬರಲಿಲ್ಲ. ಕರೆಯಲು ಹೋದೆ.

“ಅಕ್ಕ, ಚಾ ತಣ್ಣಗಾಗ್ತದೆ, ಬನ್ನಿ ಮಾರಾಯ್ರೆ.”

“ನೀನು ತಿಂದ್ಕೊಂಡು ಬಾ. ಆಮೇಲೆ ನಾನು ಹೋಗ್ತೀನಿ.”

“ಎಂತಕ್ಕೆ?”

“ಎಂತಕ್ಕೆ ಅಂದ್ರೆ? ಒಬ್ಬರಾದ್ರೂ ಕೂತಿರ್ಬೇಕಲ್ವೇನೇ. ಹೆಣ ಒಂದನ್ನೇ ಬಿಟ್ಟು ಎಲ್ರೂ ಎದ್ದು ಹೋಗ್ತಾರಾ?”

“ಇವ ಸತ್ತು ಎರಡು ಸಾವಿರ ವರ್ಷ ಆಗಿರ್ಬಹುದು, ಅಕ್ಕ.”

“ಅಷ್ಟು ದಿನ ಮಣ್ಣು ಮುಚ್ಕೊಂಡಿದ್ದ. ಮುಸುಕು ತೆಗೆದೋರು ನಾವು ತಾನೇ?”

ನಗು ಬಂತು, ಆದರೆ ನಗಲಿಲ್ಲ. ನಮ್ಮ ಮನೆಯಲ್ಲೂ ಅಜ್ಜಿ ಸತ್ತಾಗ ಬೆಳಗಾಗುವ ತನಕ ಸರದಿಯ ಮೇಲೆ ಕೂತು ಹಾಡು ಹೇಳಿದ್ದೆವು. ಅಲ್ಲಿಗೇ ರೊಟ್ಟಿ ತಂದುಕೊಡುತ್ತೇನೆ ಎಂದರೆ, ಹೆಣದ ಮುಂದೆ ಯಾರಾದರೂ ತಿನ್ನುತ್ತಾರಾ ಎಂದು ಅದಕ್ಕೂ ಬಯ್ದರು. ಕೊನೆಗೆ ನಾನು ಕೂತೆ, ಅವರು ತಿಂದು ಬಂದರು. ಎಲುಬನ್ನೆಲ್ಲ ಎತ್ತಿ ಪೆಟ್ಟಿಗೆಗೆ ಹಾಕುವ ತನಕ ಹಾಗೆಯೇ ಪಾಳಿ ಹಾಕಿಕೊಂಡೆವು. ಪ್ರೊಫೆಸರಮ್ಮ ಸಂಜೆ ಎಲ್ಲರ ಮುಂದೆ ಅಕ್ಕನ ಶ್ರದ್ಧೆಯನ್ನು ಹೊಗಳಿದರು. ಅಕ್ಕ ಗಂಭೀರವಾಗಿ ತಲೆಯಾಡಿಸಿ, ನನ್ನ ಕಡೆ ಬಾಗಿ, “ಬಿಡು, ಅವಳಿಗೆ ಹೇಳಿದ್ರೆ ಅರ್ಥ ಆಗಲ್ಲ,” ಎಂದರು.

ಶುಕ್ರವಾರ ರಜೆ. ಜೀಪಿನಲ್ಲಿ ಹತ್ತಿರದ ಪೇಟೆಗೆ ಹೋಗಿ ಫೋನ್ ಮಾಡುವ ದಿನ. ಆ ವಾರ ನಾನು ನನ್ನ ಸರದಿಗೆ ಕಾಯುತ್ತ ಅಕ್ಕನ ಬೆನ್ನ ಹಿಂದೆಯೇ ನಿಂತಿದ್ದೆ. ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಯಾವಾಗ ಹೇಳಿದ್ರು? ... ನಿಮ್ಮೊಬ್ರನ್ನೇನಾ, ಇಡೀ ಟೀಮನ್ನಾ? ... ಸರಿ, ಈಗೇನ್ಮಾಡೋಣ? ... ಇಲ್ಲ, ನಾನೀಗ ಬಂದ್ರೆ ಏನಾಗತ್ತೆ, ಇಬ್ರೂ ಗಂಟುಮೂಟೆ ಕಟ್ಟಬೇಕು ಅಷ್ಟೇ. ಇದೊಂದು ಶೈನ್ ಸಿಕ್ಕಿದ್ರೆ ನಂಗೆ ಸ್ಟೂಡೆಂಟ್ ವೀಸಾ ಕೊಡ್ತೀವಿ ಅಂದಿದಾರೆ. ಅದರ ಮೇಲೆ ನೀವೂ ಇರ್ಬೋದೇನೋ, ಬೇರೆ ಕೆಲ್ಸ ಹುಡುಕ್ಬೋದು. ... ಇದ್ರಲ್ಲಿ ಅವಮಾನ ಏನ್ ಬಂತು? ಇಷ್ಟು ದಿನ ನಿಮ್ ವೀಸಾ ಮೇಲೆ ನಾನಿರ್ಲಿಲ್ವಾ? ... ಹಾಗಾದ್ರೆ ನಾನು ಆ ಫ್ಲಾಟಲ್ಲಿ ಕೂತಿದ್ದು ಅವಮಾನ ಅಲ್ವಾ?”

ಫೋನನ್ನು ಕುಕ್ಕಿ ಇಟ್ಟರು. ಕೆಲಸ ಹೋಗಿತ್ತು. ಕೆಲಸದ ಜೊತೆಗೆ ಭಾವನ ಪರ್ಮಿಟ್ಟು, ಅದರ ಜೊತೆಗೆ ಹೆಂಡತಿಯದು. ಬಂದುಬಿಡು, ಊರಿಗೆ ಹೋಗೋಣ ಎಂದು ಅವರು. ಮೂರು ವಾರ ತಡೆದುಕೊಳ್ಳಿ ಎಂದು ಇವರು. ವಾಪಸು ಬರುವಾಗ ಜೀಪಿನಲ್ಲಿ ತುಂಬ ಹೊತ್ತು ಏಲಕ್ಕಿ ಅಗಿದರು. ಕೊನೆಗೆ, “ಸ್ವಲ್ಪ ಜೋರಾಗೇ ಅಂದ್ಬಿಟ್ಟೆ ಕಣೇ. ಮುಂದಿನ ಶುಕ್ರವಾರ ಸರಿ ಮಾಡ್ತೀನಿ,” ಎಂದರು.

ಮುಂದಿನ ಶುಕ್ರವಾರ ಬರುವ ಮೊದಲೇ ಪ್ರೊಫೆಸರಮ್ಮನ ಸ್ಯಾಟಲೈಟ್ ಫೋನಿಗೆ ಸುದ್ದಿ ಬಂತು. ಎಷ್‌ಬಾರ್ನಿನಲ್ಲಿ ಪಕ್ಕದ ಬಿಲ್ಡಿಂಗಿನಲ್ಲಿದ್ದ ಕನ್ನಡದ ಸ್ನೇಹಿತರೊಬ್ಬರು ಭಾವ ಫೋನ್ ಎತ್ತುತ್ತಿಲ್ಲ ಎಂದು ಬಿಲ್ಡಿಂಗ್ ನೋಡಿಕೊಳ್ಳುವ ಹೌಸ್‌ಮೈಸ್ಟರನ್ನು ಕರೆತಂದು ಬೀಗ ತೆಗೆಸಿದ್ದರು. ಅಡುಗೆಮನೆಯ ನೆಲದ ಮೇಲಿದ್ದರಂತೆ. ಹೃದಯ ನಿಂತದ್ದು ಎರಡು ದಿನ ಹಿಂದೆಯೇ ಎಂದು ಡಾಕ್ಟರು ಹೇಳಿದರು.

ಪ್ರೊಫೆಸರಮ್ಮ ಗುಂಡಿಯ ಅಂಚಿಗೆ ಬಂದು ಹ್ಯಾಟು ತೆಗೆದು ನಿಂತರು. ಅಕ್ಕನನ್ನೂ ನನ್ನನ್ನೂ ಮೇಲೆ ಕರೆದರು. ಜರ್ಮನ್‌ನಲ್ಲಿ ಏನೋ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿ, ನೀನೇ ಹೇಳು, ನಿಮ್ಮ ಭಾಷೆಯಲ್ಲಿ ಹೇಳು ಎಂದರು. ನನಗೆ ಅಂಥ ಮಾತು ಹೇಳಿ ಅಭ್ಯಾಸವಿರಲಿಲ್ಲ. “ಅಕ್ಕ, ಭಾವ ತೀರಿಕೊಂಡ್ರಂತೆ,” ಎಂದೆ.

ಅಕ್ಕ ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡರು. “ಯಾವಾಗ?”

“ಎರಡು ದಿನ ಆಯ್ತಂತೆ. ಇವತ್ತು ಬಾಗಿಲು ತೆಗೆಸಿದ್ರಂತೆ.”

“ಯಾರಿದ್ರು ಜೊತೆಗೆ?”

“ಯಾರೂ ಇರ್ಲಿಲ್ಲ.”

“ಎರಡು ದಿನ ಒಬ್ರೇನಾ?”

ಪೆಟ್ಟಿಗೆ ಕಟ್ಟುವಾಗ ಇನ್ನೊಮ್ಮೆ ಕೇಳಿದರು, ಜೀಪು ಹತ್ತುವಾಗ ಮತ್ತೊಮ್ಮೆ. ಅದು ಬಿಟ್ಟು ಬೇರೆ ಮಾತಿಲ್ಲ. ಮಧ್ಯಾಹ್ನ ಅವರು ಹೊರಟ ಮೇಲೆ ಊಟೆ ಗಟ್ಟಿಯಾಗಿ ಅತ್ತಳು. ನನಗೆ ಅಳು ಬರಲಿಲ್ಲ.

ಫ್ರಾಂಕ್‌ಫರ್ಟಿನಲ್ಲಿ ಆದದ್ದನ್ನು ನಾನು ಕಂಡಿಲ್ಲ. ಸ್ವಲ್ಪ ಆ ಸ್ನೇಹಿತರ ಹೆಂಡತಿಯಿಂದ, ಸ್ವಲ್ಪ ಅಕ್ಕನಿಂದಲೇ ಕೇಳಿದ್ದು. ಭಾವನನ್ನು ಆಸ್ಪತ್ರೆಯ ತಣ್ಣನೆಯ ಕೋಣೆಯಲ್ಲಿ ಇಟ್ಟಿದ್ದರು. ಹತ್ತು ನಿಮಿಷ ನೋಡಲು ಬಿಟ್ಟರು. ಪಕ್ಕದಲ್ಲಿ ಕೂತಿರುತ್ತೇನೆ ಎಂದು ಅಕ್ಕ ಕೇಳಿದರೆ ಅಂಥ ವ್ಯವಸ್ಥೆ ಇಲ್ಲ ಎಂದರು. ಹೊರಗೆ ಕಾರಿಡಾರಿನಲ್ಲಿ ಕೂರುತ್ತೇನೆ ಎಂದರೆ ಅದೂ ಇಲ್ಲ. ಕಡೆಗೆ ಬೀದಿಯಲ್ಲಿ, ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದರಂತೆ. ಕಾಗದಪತ್ರ ಮುಗಿದು ದಹನವಾಗುವ ತನಕ ದಿನಾ ಹೋಗಿ ಅಲ್ಲೇ. ಎಷ್‌ಬಾರ್ನಿನ ಹೆಂಗಸರು ಸಾರು, ಅನ್ನ ಹಿಡಿದುಕೊಂಡು ಮನೆಗೆ ಹೋದರೆ ಮನೆಗೆ ಬೀಗ. ಗಂಡ ಸತ್ತು ಬಿದ್ದಿರುವಾಗ ಎಲ್ಲಿ ತಿರುಗುತ್ತಿದ್ದಾಳೆ ಎಂಬ ಮಾತು ಹುಟ್ಟಿದ್ದು ಆಗಲೇ.

ಮೈಸೂರಿನಿಂದ ಮೈದುನ ಬಂದ. ಅಸ್ಥಿ ಊರಿಗೆ, ಕರ್ಮ ಊರಿನಲ್ಲಿ, ಅತ್ತಿಗೆಯೂ ಊರಿಗೆ ಎಂದು ಎರಡು ಟಿಕೆಟ್ ಮಾಡಿಸಿದ. ಈ ಮಧ್ಯೆ ಅಕ್ಕ ವೀಸಾ ಆಫೀಸಿಗೂ ಹೋಗಿಬಂದಿದ್ದರು. ಅಲ್ಲಿನ ಹೆಂಗಸು ಪಾಪ ಒಳ್ಳೆಯವಳೇ. ಮರುಕಪಟ್ಟಳು, ನೀರು ಕೊಟ್ಟಳು, ಆದರೆ ಗಂಡನ ಪರ್ಮಿಟ್ಟಿನ ಮೇಲೆ ಇನ್ನು ಇರುವಂತಿಲ್ಲ, ಶೈನ್ ತಂದರೆ ಸ್ಟೂಡೆಂಟ್ ವೀಸಾ, ಇಲ್ಲದಿದ್ದರೆ ಹೊರಡಬೇಕು ಎಂದಳು. ಪ್ರೊಫೆಸರಮ್ಮನಿಗೆ ಫೋನ್ ಮಾಡಿದರೆ, ಕೊನೆಯ ವಾರಗಳಿಗೆ ಬಂದು ಕೆಲಸ ಮುಗಿಸಿದರೆ ಶೈನಿಗೆ ಸಹಿ ಹಾಕುತ್ತೇನೆ, ಬರದಿದ್ದರೆ ನನ್ನ ಕೈಯಲ್ಲಿಲ್ಲ ಎಂದರು. ಅಕ್ಕ ಜೋರ್ಡಾನಿನ ಅಮ್ಮಾನ್ ಊರಿಗೆ ಇನ್ನೊಂದು ಟಿಕೆಟ್ ತೆಗೆದುಕೊಂಡರು. ಯಾರಿಗೂ ಹೇಳಲಿಲ್ಲ. ಏರ್‌ಪೋರ್ಟಿನಲ್ಲಿ ಮೈದುನನ ಕೈಗೆ ಅಸ್ಥಿಯ ಡಬ್ಬಿ ಕೊಟ್ಟು, ನಾನು ಬರುವುದಿಲ್ಲ, ಅತ್ತೆಗೆ ನೀವೇ ಹೇಳಿ ಎಂದರು. ಅವನು ಡಬ್ಬಿ ಹಿಡಿದುಕೊಂಡು ನಿಂತಿರುವಾಗಲೇ ತಮ್ಮ ಗೇಟಿಗೆ ನಡೆದರು. ಕಥೆಯಲ್ಲಿ ಇಷ್ಟೂ ನಿಜ.

ಅಕ್ಕ ಮರಳಿ ಬಂದ ದಿನ ನಾನು ಜರಡಿ ಹಿಡಿದಿದ್ದೆ. ಜೀಪಿನಿಂದ ಇಳಿದರು, ಹೋಗುವಾಗ ಹಾಕಿದ್ದ ಅದೇ ಪ್ಯಾಂಟು, ಬರಿ ಹಣೆ. ಪ್ರೊಫೆಸರಮ್ಮ ಅವರನ್ನು ತಬ್ಬಿಕೊಂಡು ಟಾರ್ಪಾಲಿನ ಕೆಳಗೆ ಕೂತು ಚೂರು ತೊಳೆಯಲು ಹೇಳಿದರು, ಬಿಸಿಲು ಬೇಡ ಎಂದರು. ಅಕ್ಕ ಒಪ್ಪಲಿಲ್ಲ. ನನ್ನ ಗುಂಡಿ ಎಲ್ಲಿದೆಯೋ ಅಲ್ಲಿ ಕೆಲಸ ಮಾಡುತ್ತೇನೆ, ಆಮೇಲೆ ಶೈನ್ ಪುಕ್ಕಟೆ ಕೊಟ್ಟೆ ಅನ್ನಬೇಡಿ, ಅಲ್ವಾ ಎಂದರು. ಊಟೆ ಅವರನ್ನು ನೋಡಿದ್ದೇ ಮತ್ತೆ ಅಳತೊಡಗಿದಳು. ಅವಳ ಬೆನ್ನು ತಟ್ಟಿದ್ದು ಅಕ್ಕನೇ. “ಅಳಬೇಡ್ವೇ ಊಟಮ್ಮ,” ಎಂದು ಕನ್ನಡದಲ್ಲಿ.

ಸಂಜೆ ಡೇರೆಯ ಮುಂದೆ ಕೂತಿದ್ದಾಗ ಕೇಳಿದೆ. “ಅಕ್ಕ, ನೀವು ಊರಿಗೆ ಹೋಗ್ಲಿಲ್ವಾ? ಕರ್ಮ ಎಲ್ಲ ಉಂಟಲ್ವಾ?”

“ಕರ್ಮ ಮಾಡೋನು ಮೈದುನ. ಅಲ್ಲಿ ನನ್ ಕೆಲ್ಸ ಏನ್ ಗೊತ್ತೇನೇ? ಮೂಲೇಲಿ ಕೂತಿರೋದು. ಬಂದೋರೆಲ್ಲ ನೋಡಿ ಅತ್ತು ಹೋಗೋದಕ್ಕೆ. ಹತ್ತನೇ ದಿನ ಬಳೆ ಒಡೀತಾರೆ.” ಷೂ ಬಿಚ್ಚಿ ಒಳಗಿನ ಮಣ್ಣು ಕೊಡವಿದರು. “ನಮ್ಮತ್ತೆ ಫೋನಲ್ಲಿ ಅಂದ್ರು, ಇನ್ನೇನಿದೆ ಅಲ್ಲಿ, ಬಂದ್ಬಿಡು, ಮೇಲಿನ ರೂಮು ಖಾಲಿ ಇದೆ ಅಂತ. ಒಳ್ಳೇ ಮನಸ್ಸಿಂದಾನೇ ಅಂದ್ರು. ಆ ರೂಮಲ್ಲಿ ಯಾರಿದ್ರು ಗೊತ್ತಾ? ಇವರ ಸೋದರತ್ತೆ. ಇಪ್ಪತ್ತು ವರ್ಷಕ್ಕೆ ಗಂಡ ಹೋಗಿ ಆ ರೂಮಿಗೆ ಬಂದೋರು, ಹೋದ ವರ್ಷ ಅಲ್ಲಿಂದಾನೇ ಹೊತ್ಕೊಂಡು ಹೋದ್ರು. ಕೂತು ಹೂಬತ್ತಿ ಮಾಡೋರು. ಇಡೀ ಬೀದಿಗೆ ಆಗೋಷ್ಟು. ನಾನು ಒಂದ್ಸಲ ಆ ಮೆಟ್ಲು ಹತ್ತಿದ್ರೆ ಇಳಿಯೋದಿಲ್ಲ ಕಣೇ.”

ಸೂತಕವನ್ನು ಅವರು ತಮಗೆ ತೋಚಿದ ಹಾಗೆ ಹಿಡಿದರು. ಮಂಚ ಬಿಟ್ಟು ನೆಲದ ಮೇಲೆ ಮಲಗಿದರು, ಒಂದೇ ಹೊತ್ತು ಉಂಡರು. ದಹನದ ದಿನದಿಂದ ಎಣಿಸಿಕೊಂಡಿದ್ದರು ಎಂದು ಕಾಣುತ್ತದೆ. ಒಂದು ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ನೀರಿನ ಟ್ಯಾಂಕಿನ ಹಿಂದೆ ಹೋಗಿ ಇಡೀ ಬಕೆಟನ್ನು ತಲೆಯ ಮೇಲೆ ಸುರಿದುಕೊಂಡರು. ಎರಡು ಚೊಂಬಿನವರು. ಒದ್ದೆ ತಲೆಯಲ್ಲಿ ಬಂದು, ಕಾಲುಚೀಲದಿಂದ ಬಳೆಗಳನ್ನು ತೆಗೆದು, ಒಡೆಯದೆ, ಬಕೆಟ್ಟಿನ ಮಣ್ಣಿನ ಜೊತೆ ಹಾಕಿ, ನಾವು ದಿನಾ ಮಣ್ಣು ಸುರಿಯುತ್ತಿದ್ದ ಗುಡ್ಡೆಯ ಮೇಲೆ ಚೆಲ್ಲಿದರು. ಆಮೇಲೆ ಗುಂಡಿಗಿಳಿದು ಕರಣೆ ಹಿಡಿದರು. ಅವತ್ತು ಮೈಸೂರಿನಲ್ಲಿ ಹತ್ತನೆಯ ದಿನ.

ಆಮೇಲಿನ ಬದುಕನ್ನು ಬೇಗ ಹೇಳಿ ಮುಗಿಸಬಹುದು. ವೀಸಾ ಸಿಕ್ಕಿತು. ಓದು ಮುಗಿಯಿತು. ದೊಡ್ಡ ವಿದ್ವಾಂಸರೇನೂ ಆಗಲಿಲ್ಲ. ರೇಗನ್ಸ್‌ಬರ್ಗಿನ ಒಂದು ಸಣ್ಣ ಮ್ಯೂಸಿಯಮ್ಮಿನ ಉಗ್ರಾಣದಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಮಡಕೆ ಚೂರುಗಳಿಗೆ ನಂಬರು ಬರೆಯುವ ಕೆಲಸ. ಅದೂ ವರ್ಷ ವರ್ಷಕ್ಕೆ ಮುಂದುವರಿಸುವ ಕೆಲಸ, ಕಾಯಂ ಆದದ್ದು ಕೊನೆಗೆ. ಅತ್ತೆಮನೆಯವರು ಮತ್ತೆಂದೂ ಮಾತಾಡಲಿಲ್ಲ. ತವರಿನವರು ಮಾತಾಡಿದರು, ಕರೆಯಲಿಲ್ಲ. ದೀಪಾವಳಿಗೆ ಕನ್ನಡದವರು ಸೇರಿದರೆ ದೊಡ್ಡ ಪಾತ್ರೆಯಲ್ಲಿ ಪುಳಿಯೋಗರೆ ಮಾಡಿಕೊಂಡು ಹೋಗುತ್ತಿದ್ದರು. ಜನ ಎರಡೆರಡು ಸಲ ಬಡಿಸಿಕೊಂಡು ತಿನ್ನುತ್ತಿದ್ದರು, ಅವರು ಪಾತ್ರೆ ತೊಳೆಯಲು ಹೋದಾಗ ಗೇಟಿನ ಕಥೆ ಹೇಳುತ್ತಿದ್ದರು. ಶುಕ್ರವಾರವೇ ಹೊರಟು ಬಂದಿದ್ದರೆ ಗಂಡ ಉಳಿಯುತ್ತಿದ್ದ ಎಂದೂ ಸೇರಿಸುತ್ತಿದ್ದರು. ಒಮ್ಮೆ ನನ್ನ ಕಿವಿಗೇ ಬಿದ್ದು ಜಗಳಕ್ಕೆ ಎದ್ದೆ. ಅಕ್ಕ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು.

“ಬಿಡೇ. ಆ ಲೆಕ್ಕ ನಂಗೂ ಬರತ್ತೆ. ಅವರು ಹೇಳ್ಕೊಡ್ಬೇಕಾಗಿಲ್ಲ,” ಎಂದರು.

ಅವರು ಸುಖವಾಗಿದ್ದರು ಎಂದು ನಾನು ಹೇಳಲಾರೆ. ಒಂಟಿಯಾಗಿದ್ದರು, ಸಿಡುಕರಾಗಿದ್ದರು, ಕೊನೆಯ ಎರಡು ವರ್ಷ ಕಾಯಿಲೆಯಲ್ಲಿ ತುಂಬ ನರಳಿದರು. ಆದರೆ ಅವರ ಮನೆಯ ಬೀಗದ ಕೈ ಅವರ ಹತ್ತಿರವೇ ಇತ್ತು. ಅದಕ್ಕೆ ಏನು ಕೊಟ್ಟರು ಎಂಬುದು ಕೇಕು ತಿನ್ನುತ್ತ ಮಾತಾಡುವವರಿಗೆ ಗೊತ್ತಿಲ್ಲ. ನನಗೆ ಗೊತ್ತಿರುವುದೂ ಆ ಶಿಬಿರದ ಕೊನೆಯ ದಿನದಿಂದ.

ಅಗೆದ ಗುಂಡಿಗಳನ್ನು ಹಾಗೇ ಬಿಟ್ಟು ಬರುವಂತಿಲ್ಲ. ಒಳಗೆ ಬಟ್ಟೆ ಹಾಸಿ ಮತ್ತೆ ಮಣ್ಣು ತುಂಬಬೇಕು. ಕೊನೆಯ ದಿನ ಬೆಳಗಿನಿಂದ ನಾವೆಲ್ಲ ಸಲಿಕೆ ಹಿಡಿದು ಅದನ್ನೇ ಮಾಡುತ್ತಿದ್ದೆವು, ಅಕ್ಕನೂ. ಪ್ರೊಫೆಸರಮ್ಮ ಟಾರ್ಪಾಲಿನ ಕೆಳಗೆ ಮೇಜು ಹಾಕಿಕೊಂಡು ಒಬ್ಬೊಬ್ಬರನ್ನೇ ಕರೆದು ಶೈನ್ ಕೊಡುತ್ತಿದ್ದರು. ಹುಡುಗರು ತಮ್ಮದು ಸಿಕ್ಕಿದ್ದೇ ಕೂಗು ಹಾಕಿ ಕುಣಿಯುತ್ತಿದ್ದರು. ಅಕ್ಕ ಹೋದರು, ಕೈ ಒರೆಸಿಕೊಂಡು ತೆಗೆದುಕೊಂಡರು, ಎರಡೂ ಬದಿ ನೋಡಿದರು, ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಗೆ ತಾಳಿಯ ಪಕ್ಕ ಇಟ್ಟುಕೊಂಡರು. ನಮ್ಮ ಕಡೆಗೆ ಬರಲಿಲ್ಲ. ಮಣ್ಣಿನ ಗುಡ್ಡೆ ದಾಟಿ ಆಚೆಗೆ ನಡೆದರು. ಅಲ್ಲಿ ಏನೂ ಇಲ್ಲ, ಆಕಾಶ ಮುಟ್ಟುವ ತನಕ ಕಲ್ಲು.

ಆಮೇಲೆ ಧ್ವನಿ ಕೇಳಿತು.

“ರೀ...”

ಯಾರನ್ನೋ ದೂರದಿಂದ ಕರೆಯುವ ಹಾಗಿತ್ತು. ನಾನು ತಲೆಯೆತ್ತಿ ಆ ಕಡೆ ಯಾರು ಬರುತ್ತಿದ್ದಾರೆ ಎಂದು ನೋಡಿಬಿಟ್ಟೆ.

“ರೀ... ರೀ...”

ಆ ಮಾತನ್ನು ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಊಟಕ್ಕೆ ಬನ್ನಿ ಅನ್ನುವಾಗ, ಗ್ಯಾಸ್ ಮುಗೀತು ಅನ್ನುವಾಗ, ಕೊಡೆ ಮರೆತಿದ್ದೀರಿ ಅನ್ನುವಾಗ, ಮನೆಯೊಳಗೆ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೇಳುವ ಮಾತು ಅದು. ಅಕ್ಕ ಅದನ್ನು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಮಧ್ಯೆ ಉಸಿರೆಳೆದುಕೊಳ್ಳುತ್ತಿದ್ದರು, ಮತ್ತೆ ಕೂಗುತ್ತಿದ್ದರು. ಬೇರೆ ಒಂದು ಪದ ಇಲ್ಲ. ಕುಣಿಯುತ್ತಿದ್ದ ಹುಡುಗರು ನಿಂತರು. ಪ್ರೊಫೆಸರಮ್ಮ ಮೇಜಿನಿಂದ ಎದ್ದು, ಹೋಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿದರು. ನಾನು ಬೇಡ ಎಂದು ತಲೆಯಾಡಿಸಿದೆ.

ಊಟೆ ನನ್ನ ಪಕ್ಕ ಸಲಿಕೆ ಹಿಡಿದುಕೊಂಡು ನಿಂತಿದ್ದಳು. ತುಂಬ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು, “ಅದು ಅವರ ಗಂಡನ ಹೆಸರಾ?”

“ಹೌದು,” ಎಂದೆ.